ಕುದುರೆ ರಸ್ತೆಗಿಳಿಸುವ ಮುನ್ನ: ಯಾವ ಬಣ್ಣ ದೂರದಿಂದಲೇ ಕಣ್ಣಿಗೆ ಬೀಳುತ್ತದೆ?

ಒಂದು ಸಂಜೆ ಕಂದು ಕುದುರೆಯ ಮೇಲೆ ವಾಪಸ್ ಬರುತ್ತಿದ್ದೆ. ಮೈಮೇಲೆ ಕಣ್ಣಿಗೆ ರಾಚುವ ಹಳದಿ ವೆಸ್ಟ್ ಇತ್ತು. ಆದರೂ ಹಿಂದಿನಿಂದ ಬಂದ ಕಾರೊಂದು ತೀರಾ ಹತ್ತಿರ ಬಂದ ಮೇಲೆ ಕಿರ್ರನೆ ಬ್ರೇಕ್ ಹಾಕಿತು. ಚಾಲಕ ಗಾಜು ಇಳಿಸಿದ. "ಹಳದಿ ಕಾಣಿಸ್ತು, ಯಾರೋ ಸೈಕಲ್‌ನವರು ಅಂದ್ಕೊಂಡೆ. ಕೆಳಗೆ ಕುದುರೆ ಇದೆ ಅಂತ ಗೊತ್ತೇ ಆಗ್ಲಿಲ್ಲ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ನಾನು ಕಾಣಿಸಿದ್ದೆ, ಕುದುರೆ ಕಾಣಿಸಿರಲಿಲ್ಲ. ಸೈಕಲ್‌ಗೆ ಎಷ್ಟು ಜಾಗ ಬಿಡಬೇಕೋ ಅಷ್ಟು ಬಿಟ್ಟು ಮುಂದೆ ಹೋಗುವ ಲೆಕ್ಕ ಅವನದು.

ಅವತ್ತಿನಿಂದ ಈ ಬಣ್ಣದ ವಿಷಯದ ಬೆನ್ನು ಹತ್ತಿದ್ದೇನೆ. ಬಟ್ಟೆ ಕೊಳ್ಳುವಾಗ ಎಲ್ಲರೂ ಯಾವುದು ಜೋರಾಗಿದೆ ಅಂತ ನೋಡುತ್ತಾರೆ. ನೋಡಬೇಕಾದ್ದು ಅದಲ್ಲ. ನೀವು ಹೋಗುವ ರಸ್ತೆಯ ಪಕ್ಕದಲ್ಲಿ ಯಾವ ಬಣ್ಣ ಇಲ್ಲ ಅನ್ನುವುದನ್ನು ನೋಡಬೇಕು.

ಮೊದಲು ಲೆಕ್ಕ ಸ್ವಲ್ಪ ನೋಡಿ. ಗಂಟೆಗೆ 80 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಚಾಲಕ ನಿಮ್ಮನ್ನು ನೋಡಿ, ಏನದು ಅಂತ ಅರ್ಥ ಮಾಡಿಕೊಂಡು, ಕಾಲನ್ನು ಬ್ರೇಕ್ ಮೇಲಿಡುವಷ್ಟರಲ್ಲಿ ಒಂದೂವರೆ ಸೆಕೆಂಡ್ ಆದರೂ ಕಾರು 33 ಮೀಟರ್ ಮುಂದೆ ಬಂದಿರುತ್ತದೆ. ಬ್ರೇಕ್ ಹಿಡಿಯುವುದು ಅದರ ನಂತರ. ಒಣ ರಸ್ತೆಯಲ್ಲೇ ಪೂರ್ತಿ ನಿಲ್ಲಲು ಇನ್ನೂ ಹೆಚ್ಚುಕಮ್ಮಿ ಅಷ್ಟೇ ದೂರ ಬೇಕು. ಅಂದ್ರೆ ಎಪ್ಪತ್ತು ಮೀಟರ್ ಆಚೆಯಿಂದಲೇ ನೀವು ಕಾಣಬೇಕು. ಬರೀ ಕಂಡರೆ ಸಾಲದು, ಕುದುರೆ ಅಂತಲೇ ಕಾಣಬೇಕು.

ಹಗಲಿನದು ಬೇರೆ, ರಾತ್ರಿಯದು ಬೇರೆ

ಇಲ್ಲೇ ತುಂಬಾ ಜನ ಎಡವುತ್ತಾರೆ. ಫ್ಲೋರೊಸೆಂಟ್ ಬಟ್ಟೆ ಹಗಲಿಗೆ. ಹೊಳೆಯುವ ಬೆಳ್ಳಿ ಪಟ್ಟಿ, ನಾವು ಸುಮ್ನೆ ರೇಡಿಯಂ ಅಂತ ಕರೆಯುತ್ತೇವಲ್ಲ, ಅದು ರಾತ್ರಿಗೆ. (ಅದರಲ್ಲಿ ರೇಡಿಯಂ ಏನೂ ಇಲ್ಲ, ಹೆಸರು ಹಾಗೇ ಉಳಿದುಕೊಂಡಿದೆ.) ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ಫ್ಲೋರೊಸೆಂಟ್ ಬಣ್ಣ ಸೂರ್ಯನ ಬೆಳಕಿನಲ್ಲಿರುವ, ನಮ್ಮ ಕಣ್ಣಿಗೆ ಕಾಣದ ಅಲ್ಟ್ರಾವಯೊಲೆಟ್ ಕಿರಣವನ್ನು ಹೀರಿಕೊಂಡು ಕಾಣುವ ಬೆಳಕಾಗಿ ವಾಪಸ್ ಬಿಡುತ್ತದೆ. ಅದಕ್ಕೇ ಮೇಲೆ ಬಿದ್ದ ಬೆಳಕಿಗಿಂತ ಜಾಸ್ತಿ ಹೊಳೆಯುವಂತೆ ಕಾಣುತ್ತದೆ. ಮೋಡ ಕವಿದಾಗ, ನಸುಕಿನಲ್ಲಿ, ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿನ ತನಕ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಪೂರ್ತಿ ಕತ್ತಲಾಯಿತೋ, ಆಟ ಮುಗೀತು. ಕಾರಿನ ಹೆಡ್‌ಲೈಟ್‌ನಲ್ಲಿ ಅಲ್ಟ್ರಾವಯೊಲೆಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಆಗ ಅದು ಬರೀ ತಿಳಿ ಬಣ್ಣದ ಬಟ್ಟೆ. ಹಳದಿ ಸೋಡಿಯಂ ಬೀದಿ ದೀಪದ ಕೆಳಗಂತೂ ಯಾವ ಬಣ್ಣ ಯಾವುದು ಅಂತಲೇ ತಿಳಿಯುವುದಿಲ್ಲ.

ಬೆಳ್ಳಿ ಪಟ್ಟಿಯ ಗುಣ ಇದಕ್ಕೆ ಉಲ್ಟಾ. ಅದರಲ್ಲಿ ಸಣ್ಣ ಸಣ್ಣ ಗಾಜಿನ ಮಣಿಗಳೋ ಪ್ರಿಸಂಗಳೋ ಇರುತ್ತವೆ. ಬೆಳಕು ಬಂದ ದಾರಿಗೇ ಅದನ್ನು ವಾಪಸ್ ಕಳಿಸುತ್ತವೆ. ಹೆಡ್‌ಲೈಟ್ ಬಿದ್ದಾಗ ಚಾಲಕನಿಗೆ ಝಗ್ಗಂತ ಹೊಳೆಯುತ್ತದೆ, ಪಕ್ಕದಲ್ಲಿ ನಿಂತವನಿಗೆ ಬೂದು ಪಟ್ಟಿ ಅಷ್ಟೇ. ಹಗಲಲ್ಲೂ ಬೂದು ಪಟ್ಟಿಯೇ.

ಕೊಳ್ಳುವ ಮುಂಚೆ ಬಟ್ಟೆಯನ್ನು ನೆರಳಿಗೆ ಹಿಡಿದು ನೋಡಿ. ಬರೀ ಗಾಢ ಹಳದಿ ನೆರಳಿನಲ್ಲಿ ಮಂಕಾಗುತ್ತದೆ, ಫ್ಲೋರೊಸೆಂಟ್ ಆದರೆ ಒಳಗಿಂದ ಬೆಳಗುವ ಹಾಗೆ ಇರುತ್ತದೆ. ಇವೆರಡರ ವ್ಯತ್ಯಾಸ ಒಮ್ಮೆ ಕಂಡರೆ ಮತ್ತೆ ಯಾರೂ ಮೋಸ ಹೋಗುವುದಿಲ್ಲ.

ಬಣ್ಣಗಳು ಒಂದೊಂದಾಗಿ

ಒಮ್ಮೆ ಹಳದಿ, ಕಿತ್ತಳೆ, ಪಿಂಕ್ ಮೂರೂ ವೆಸ್ಟ್‌ಗಳನ್ನು ಬೇಲಿಗೆ ನೇತುಹಾಕಿ ಇನ್ನೂರು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿದೆ. ಬೇಲಿ ಹಿಂದೆ ಹೊಸ ಚಿಗುರಿನ ಗಿಡಗಳು, ಮೇಲೆ ಒಳ್ಳೆ ಬಿಸಿಲು. ಹಳದಿಯೇ ಗೆಲ್ಲುತ್ತದೆ ಅಂತ ಪಂದ್ಯ ಕಟ್ಟಿದ್ದೆ. ಮೊದಲು ಕರಗಿ ಹೋದದ್ದೇ ಅದು! ಬಿಸಿಲು ಬಿದ್ದ ಎಳೆ ಎಲೆಗೂ ಆ ನಿಂಬೆ ಹಳದಿಗೂ ಅಂಥಾ ವ್ಯತ್ಯಾಸ ಇರಲಿಲ್ಲ. ಪಿಂಕ್ ಮಾತ್ರ ಅಲ್ಲಿಂದಲೇ ಕೂಗಿ ಕರೆಯುತ್ತಿತ್ತು. ಅದೇ ವೆಸ್ಟ್‌ಗಳನ್ನು ಸಂಜೆ ಹಳೇ ಇಟ್ಟಿಗೆ ಗೋಡೆ ಮುಂದೆ ಹಾಕಿದಾಗ ಫಲಿತಾಂಶ ತಿರುಗಿತು. ಹಳದಿ ಮೊದಲು, ಕಿತ್ತಳೆ ಕೊನೆ.

ಹಳದಿಗೆ, ಅಂದ್ರೆ ಹಸಿರು ಬೆರೆತ ನಿಂಬೆ ಹಳದಿಗೆ, ಇಷ್ಟು ಹೆಸರು ಬಂದದ್ದಕ್ಕೆ ಕಾರಣ ಇದೆ. ಹಗಲಿನಲ್ಲಿ ನಮ್ಮ ಕಣ್ಣು ಅತಿ ಚುರುಕಾಗಿರುವುದು 555 ನ್ಯಾನೊಮೀಟರ್ ಸುತ್ತಮುತ್ತ. ಅದು ಹೆಚ್ಚುಕಮ್ಮಿ ಇದೇ ಬಣ್ಣ. ಊರೊಳಗೆ, ಡಾಂಬರು ರಸ್ತೆ, ಕಪ್ಪು ನೆರಳು, ಮಳೆ ಮೋಡ ಇರುವ ಕಡೆ ಇದನ್ನು ಮೀರಿಸುವುದು ಕಷ್ಟ. ಸೋಲುವುದು ಎಳೆ ಹಸಿರಿನ ಮುಂದೆ, ಸಾಸಿವೆ ಅಥವಾ ಸೂರ್ಯಕಾಂತಿ ಹೂಬಿಟ್ಟ ಹೊಲದ ಮುಂದೆ. ಇನ್ನೊಂದು ಕೊರಗು: ರಸ್ತೆ ಕೆಲಸದವರು, ಸೈಕಲ್‌ನವರು ಎಲ್ಲರೂ ಹಳದಿಯನ್ನೇ ಹಾಕುವುದರಿಂದ ಚಾಲಕರ ಕಣ್ಣು ಅದಕ್ಕೆ ಒಗ್ಗಿಹೋಗಿದೆ ಅಂತ ನನಗೆ ಅನ್ನಿಸುತ್ತದೆ.

ಕಿತ್ತಳೆ ಹಸಿರಿನ ಮುಂದೆ ಚೆನ್ನಾಗಿ ಎದ್ದು ಕಾಣುತ್ತದೆ. ಎಲೆ ಉದುರುವ ಕಾಲದಲ್ಲಿ, ಒಣಹುಲ್ಲಿನ ಬಯಲಿನಲ್ಲಿ, ಕೆಂಪು ಮಣ್ಣಿನ ರಸ್ತೆಯಲ್ಲಿ ಅದೇ ನಿಮ್ಮನ್ನು ಮುಚ್ಚಿಹಾಕುತ್ತದೆ. ಕೆಂಪು-ಹಸಿರು ಬಣ್ಣಗುರುಡು ಇರುವ ಚಾಲಕರನ್ನೂ ಮರೆಯಬಾರದು. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರಿಗೆ ಈ ತೊಂದರೆ ಇದೆ. ಅವರಿಗೆ ಎಲೆಗಳ ನಡುವಿನ ಕಿತ್ತಳೆ ನಮಗೆ ಕಂಡಷ್ಟು ಬೇರೆಯಾಗಿ ಕಾಣುವುದಿಲ್ಲ.

ಪಿಂಕ್ ಅಂದ ತಕ್ಷಣ ಕೆಲವರು ಮೂಗು ಮುರಿಯುತ್ತಾರೆ, ಅದು ಮಕ್ಕಳಿಗೆ, ಹುಡುಗಿಯರಿಗೆ ಅಂತ. ಮುರಿಯಲಿ ಬಿಡಿ. ಅಂಥ ಕಡು ಪಿಂಕ್ ಹೊಲ, ಕಾಡು, ಬೇಲಿಯ ನಡುವೆ ಎಲ್ಲಿದೆ ಹೇಳಿ? ಯಾವ ಕಾಲದಲ್ಲೂ ಅಪರೂಪ. ಹಳ್ಳಿ ರಸ್ತೆಯಲ್ಲೇ ಜಾಸ್ತಿ ಸವಾರಿ ಮಾಡುವವರಾದರೆ ನನ್ನ ಮೊದಲ ಆಯ್ಕೆ ಇದೇ.

ಇನ್ನು ಕೆಂಪು. ಅಪಾಯದ ಬಣ್ಣ ಅಲ್ವಾ, ಕಾಣದೆ ಇರುತ್ತದಾ ಅಂತ ಕೇಳುತ್ತಾರೆ. ಮಬ್ಬುಗತ್ತಲಲ್ಲಿ ಕಾಣುವುದಿಲ್ಲ. ಬೆಳಕು ಕಮ್ಮಿಯಾದಂತೆ ಕಣ್ಣಿನ ಚುರುಕು ನೀಲಿ-ಹಸಿರಿನ ಕಡೆಗೆ ಜರುಗುತ್ತದೆ, ಕೆಂಪು ಎಲ್ಲಕ್ಕಿಂತ ಮೊದಲು ಕಪ್ಪಾಗುತ್ತದೆ. ಬಿಸಿಲಲ್ಲಿ ಕೆಂಪಗೆ ಹೊಳೆಯುವ ಹೂವು ಮಬ್ಬಿನಲ್ಲಿ ಕಪ್ಪಗೆ ಕಾಣುವುದನ್ನು 19ನೇ ಶತಮಾನದಲ್ಲೇ ಪುರ್ಕಿನ್ಯೆ ಅನ್ನುವ ಚೆಕ್ ವಿಜ್ಞಾನಿ ಗಮನಿಸಿದ್ದ. ಸಂಜೆ ತೋಟದಲ್ಲಿ ಕೆಂಪು ದಾಸವಾಳ ನೋಡಿ, ನಿಮಗೇ ಗೊತ್ತಾಗುತ್ತದೆ. ಬಿಳಿ ಬಟ್ಟೆ ಸಾಕು ಅನ್ನುವವರಿಗೆ ಒಂದೇ ಮಾತು: ಮಂಜಿನಲ್ಲಿ ಬಿಳಿ ಹಾಕಿಕೊಂಡು ಹೋಗಬೇಡಿ. ಬಿಳಿ ಕುದುರೆಗೂ ಇದೇ ಮಾತು. ಮಂಜು, ಬೂದು ರಸ್ತೆ, ಮೋಡದ ಆಕಾಶ, ಮೂರರಲ್ಲೂ ಅದು ಬೆರೆತುಹೋಗುತ್ತದೆ.

ಒಂದೇ ಬಣ್ಣ ಎಲ್ಲಾ ಕಡೆ ನಡೆಯುವುದಿಲ್ಲ ಅಂದಮೇಲೆ ಎರಡು ಬಣ್ಣ ಸೇರಿಸಿ. ನೀವು ಪಿಂಕ್, ಕುದುರೆ ಹಳದಿ. ಅಥವಾ ನೀವು ಹಳದಿ, ಕುದುರೆ ಕಿತ್ತಳೆ. ಹಿಂದೆ ಚಿಗುರಿರಲಿ, ಇಟ್ಟಿಗೆ ಗೋಡೆ ಇರಲಿ, ಎರಡರಲ್ಲಿ ಒಂದಾದರೂ ಎದ್ದು ಕಾಣುತ್ತದೆ. ಆದರೆ ಸಣ್ಣ ಸಣ್ಣ ಚೌಕ, ಹೂವು, ಅಕ್ಷರ ತುಂಬಿದ ಬಟ್ಟೆ ಬೇಡ. ದೂರದಿಂದ ಅವೆಲ್ಲ ಕಲಸಿಕೊಂಡು ಮಂಕಾಗುತ್ತವೆ. ಅಗಲವಾಗಿ, ಒಂದೇ ಹಾಸಾಗಿ ಇರುವ ಬಣ್ಣವೇ ಒಳ್ಳೆಯದು.

ಲೇಬಲ್ ಓದುವ ಅಭ್ಯಾಸ ಇರುವವರಿಗೆ: ಇಎನ್ ಐಎಸ್ಒ 20471 ಅನ್ನುವುದು ಕೆಲಸಗಾರರ ಬಟ್ಟೆಯ ಮಾನದಂಡ. ಅದು ಒಪ್ಪುವುದು ಫ್ಲೋರೊಸೆಂಟ್ ಹಳದಿ, ಕಿತ್ತಳೆಗೆಂಪು, ಕೆಂಪು, ಈ ಮೂರನ್ನೇ. ಅದರ 2ನೇ ದರ್ಜೆಯ ಬಟ್ಟೆಯಲ್ಲಿ ಕನಿಷ್ಠ 0.50 ಚದರ ಮೀಟರ್ ಫ್ಲೋರೊಸೆಂಟ್ ಬಟ್ಟೆ, 0.13 ಚದರ ಮೀಟರ್ ಹೊಳೆಯುವ ಪಟ್ಟಿ ಇರಬೇಕು. ಪಿಂಕ್ ಅದರಲ್ಲಿ ಇಲ್ಲ ಅಂತ ಹೆದರಬೇಡಿ, ನೀವು ರಸ್ತೆ ಕೆಲಸಕ್ಕೆ ಹೋಗುತ್ತಿಲ್ಲವಲ್ಲ.

ಕುದುರೆಗೂ ಬಟ್ಟೆ ಬೇಕು

ಕೈಯಲ್ಲಿರುವ ದುಡ್ಡಿಗೆ ಒಂದೇ ಸಾಮಾನು ಬರುತ್ತದೆ ಅಂದ್ರೆ ಏನು ತಗೊಳ್ಳಲಿ ಅಂತ ಕೇಳಿದರೆ, ವೆಸ್ಟ್ ಆಮೇಲೆ, ಮೊದಲು ಕುದುರೆ ಕಾಲಿನ ಪಟ್ಟಿ ಅಂತೀನಿ. ವಿಚಿತ್ರ ಅನ್ನಿಸಬಹುದು. ಕುದುರೆ ಮೇಲೆ ಕೂತಾಗ ನಿಮ್ಮ ಎದೆ ನೆಲದಿಂದ ಸುಮಾರು ಎರಡು ಮೀಟರ್ ಎತ್ತರದಲ್ಲಿರುತ್ತದೆ. ಲೋ ಬೀಮ್‌ನಲ್ಲಿರುವ ಹೆಡ್‌ಲೈಟ್ ಕೆಳಮುಖವಾಗಿ ರಸ್ತೆಯನ್ನು ಬೆಳಗುತ್ತದೆ. ಹಾಗಾಗಿ ದೂರದಲ್ಲಿ ಅದರ ಬೆಳಕು ಮೊದಲು ತಾಗುವುದು ಕುದುರೆಯ ಕಾಲಿಗೆ, ನಿಮ್ಮ ವೆಸ್ಟ್‌ಗೆ ಸಿಗುವುದು ಅಲ್ಪಸ್ವಲ್ಪ. ಜೊತೆಗೆ ಕಾಲು ಸುಮ್ಮನಿರುವುದಿಲ್ಲ. ನಾಲ್ಕು ಪಟ್ಟಿಗಳು ಮೇಲೆ ಕೆಳಗೆ, ಹಿಂದೆ ಮುಂದೆ ಆಡುವುದನ್ನು ಕಂಡ ಕೂಡಲೇ ಚಾಲಕನ ತಲೆಯಲ್ಲಿ "ಪ್ರಾಣಿ!" ಅಂತ ಹೊಳೆಯುತ್ತದೆ. ಕದಲದ ಒಂದು ಹೊಳಪು ರಸ್ತೆ ಬದಿಯ ಕಂಬದ್ದೂ ಆಗಿರಬಹುದು. ನಾಲ್ಕೂ ಕಾಲಿಗೆ ಹಾಕಿ. ಎರಡೇ ಇದ್ದರೆ ಹಿಂಗಾಲಿಗೆ ಹಾಕಿ, ವಾಹನ ಹಿಂದಿನಿಂದ ಬರುವುದು ನಿಮಗೆ ಕಾಣುವುದಿಲ್ಲವಲ್ಲ. ಪಟ್ಟಿ ಬಿಗಿಯಾಗಿ ಕೂರಬೇಕು, ಆದರೆ ರಕ್ತ ಕಟ್ಟುವಷ್ಟಲ್ಲ. ಒಂದು ಬೆರಳು ತೂರಿದರೆ ಸರಿ.

ಆಮೇಲೆ ಬಾಲದ ಪಟ್ಟಿ, ಎದೆಪಟ್ಟಿ, ಲಗಾಮಿನ ಕವರ್. ಬೆನ್ನಿನ ಹಿಂಭಾಗಕ್ಕೆ ಹೊದಿಸುವ ಫ್ಲೋರೊಸೆಂಟ್ ಹೊದಿಕೆ ಸಿಕ್ಕಿದರೆ ಅದು ಎಲ್ಲಕ್ಕಿಂತ ದೊಡ್ಡ ಹಾಸು, ಅದರಿಂದ ಕುದುರೆಯ ಅಗಲವೂ ಗೊತ್ತಾಗುತ್ತದೆ. ಹೆಲ್ಮೆಟ್ ಕವರ್ ಸಣ್ಣದೇ, ಆದರೆ ಬೇಲಿ, ದಿಬ್ಬದ ಆಚೆಯಿಂದ ಮೊದಲು ತಲೆ ಎತ್ತುವುದು ಅದೇ. ತೋಳಿನ ಪಟ್ಟಿ ಅಥವಾ ಫ್ಲೋರೊಸೆಂಟ್ ಗ್ಲೌಸ್ ಇದ್ದರೆ ನೀವು ಕೈ ತೋರಿಸಿದ್ದು ಚಾಲಕರಿಗೆ ತಿಳಿಯುತ್ತದೆ. ಮಬ್ಬಾಗುತ್ತಿದ್ದಂತೆ ದೀಪ ಹಾಕಿ, ಮುಂದಕ್ಕೆ ಬಿಳಿ, ಹಿಂದಕ್ಕೆ ಕೆಂಪು. ವಾಹನಗಳು ಹಾದುಹೋಗುವ ಕಡೆಯ ತೋಳಿಗೋ ರಿಕಾಪಿಗೋ (ಸವಾರ ಕಾಲಿಡುವ ಕೊಂಡಿ) ಕಟ್ಟಿದರೆ ಕುದುರೆಯ ಮೈ ಅದನ್ನು ಮರೆಮಾಡುವುದಿಲ್ಲ.

ಕುದುರೆಗೆ ಈ ಬಣ್ಣಗಳಿಂದ ಗಾಬರಿ ಆಗಲ್ವಾ? ಕುದುರೆಯ ಕಣ್ಣಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆಯವು, ನಮಗೆ ಮೂರು. ಹಳದಿ, ನೀಲಿ ಚೆನ್ನಾಗಿ ಬೇರೆ ಕಾಣುತ್ತವೆ, ಕೆಂಪು, ಕಿತ್ತಳೆ, ಹಸಿರು ಬೆರೆತುಹೋಗುತ್ತವೆ. ಹಾಗಾಗಿ ನಿಮಗೆ ಬೆಂಕಿಯ ಹಾಗೆ ಕಾಣುವ ಕಿತ್ತಳೆ ಅದಕ್ಕೆ ದೊಡ್ಡ ವಿಷಯವಲ್ಲ. ಅದು ಬೆದರುವುದು ಬಟ್ಟೆ ಪಟಪಟ ಅನ್ನುವುದಕ್ಕೆ, ಬೆನ್ನ ಮೇಲೆ ಹೊಸದೇನೋ ಜಾರುವುದಕ್ಕೆ. ಹೊಸ ಹೊದಿಕೆಯನ್ನು ಮೊದಲ ದಿನವೇ ರಸ್ತೆಗೆ ತರಬೇಡಿ. ಲಾಯದಲ್ಲಿ ಮೂಸಲು ಕೊಡಿ, ಮೈಗೆ ಸವರಿ, ಹಾಕಿ ನಡೆಸಿ. ವೆಸ್ಟ್‌ನ ಜಿಪ್ ಎಳೆದೇ ಹತ್ತಿ, ಗಾಳಿಗೆ ಹಾರಾಡಲು ಬಿಡಬೇಡಿ.

ಬಣ್ಣ ಕೈಕೊಡುವ ಹೊತ್ತು

ಎಷ್ಟೇ ಒಳ್ಳೆ ಬಣ್ಣ ಹಾಕಿದರೂ ಕೆಲವು ಕಡೆ ನೀವು ಕಾಣುವುದಿಲ್ಲ. ಸೂರ್ಯ ಕೆಳಗಿಳಿದಾಗ ನಿಮ್ಮ ನೆರಳನ್ನು ಒಮ್ಮೆ ನೋಡಿ. ನೆರಳು ಉದ್ದಕ್ಕೆ ನಿಮ್ಮ ಮುಂದೆ ಬಿದ್ದಿದ್ದರೆ, ಎದುರಿನಿಂದ ಬರುವ ಚಾಲಕನ ಕಣ್ಣಿಗೆ ನೇರ ಸೂರ್ಯ ಹೊಡೆಯುತ್ತಿದ್ದಾನೆ. ಅವನಿಗೆ ನೀವು ಪಿಂಕೂ ಅಲ್ಲ, ಹಳದಿಯೂ ಅಲ್ಲ, ಬರೀ ಕಪ್ಪು ಆಕಾರ. ನೆರಳು ಹಿಂದೆ ಬಿದ್ದಿದ್ದರೆ ಹಿಂದಿನಿಂದ ಬರುವವನದು ಅದೇ ಗತಿ. ಆ ಹೊತ್ತಲ್ಲಿ ಪಕ್ಕಕ್ಕೆ ಸರಿದು ನಿಲ್ಲಲು ಜಾಗ ಇರುವ ದಾರಿ ಹಿಡಿಯಿರಿ, ಇಲ್ಲವೇ ಅರ್ಧ ಗಂಟೆ ತಡೆದು ಹೊರಡಿ. ಬಿಸಿಲಿನಿಂದ ತಟ್ಟನೆ ದಟ್ಟ ಮರಗಳ ನೆರಳಿಗೆ ಹೋಗುವ ಜಾಗವೂ ಹೀಗೇ. ಚಾಲಕನ ಕಣ್ಣು ನೆರಳಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು, ಕಂದು ಕುದುರೆ ಅಲ್ಲಿ ಮಾಯವೇ ಆಗುತ್ತದೆ. ಅಲ್ಲಿ ಹಗಲಲ್ಲೂ ಮಿನುಗುವ ದೀಪ ಹಾಕಿಕೊಂಡರೆ ತಪ್ಪೇನಿಲ್ಲ. ಆದರೆ ಮಿನುಗುವುದನ್ನು ಕುದುರೆ ಸಹಿಸುತ್ತದಾ ಅಂತ ಮೊದಲೇ ನೋಡಿಕೊಳ್ಳಿ.

ಒಗೆಯುವ ವಿಷಯ ಸಣ್ಣದು ಅನ್ನಿಸಿದರೂ ಹೇಳಿಬಿಡುತ್ತೇನೆ. ಕೆಸರು ಮೆತ್ತಿದ ಫ್ಲೋರೊಸೆಂಟ್ ಬಟ್ಟೆ ಬೆಳಗುವುದಿಲ್ಲ. ಹಾಗಂತ ಬ್ಲೀಚ್, ಕಂಫರ್ಟ್ ಥರದ್ದು ಹಾಕಿ ಒಗೆದರೂ ಕೆಡುತ್ತದೆ. ಬೆಳ್ಳಿ ಪಟ್ಟಿ ಮೇಲೆ ಇಸ್ತ್ರಿ ಬೇಡ. ಒಗೆದ ಮೇಲೆ ನೆರಳಲ್ಲಿ ಒಣಗಿಸಿ, ಯಾಕಂದ್ರೆ ಅದನ್ನು ಬೆಳಗಿಸುವ ಬಿಸಿಲೇ ಅದರ ಬಣ್ಣವನ್ನೂ ತಿನ್ನುತ್ತದೆ. ಎಷ್ಟು ಸಲ ಒಗೆಯಬಹುದು ಅಂತ ಕೆಲವು ಲೇಬಲ್‌ಗಳಲ್ಲಿ ಸಂಖ್ಯೆಯೇ ಇರುತ್ತದೆ. ನನ್ನ ಹಳೇ ವೆಸ್ಟ್ ಹೊಸದರ ಪಕ್ಕದಲ್ಲಿಟ್ಟಾಗಲೇ ಗೊತ್ತಾಗಿದ್ದು, ಅದು ಹಳದಿ ಅಲ್ಲ, ಒಣಗಿದ ನಿಂಬೆಸಿಪ್ಪೆ ಬಣ್ಣಕ್ಕೆ ತಿರುಗಿದೆ ಅಂತ. ಈಗ ಅದು ಲಾಯ ಗುಡಿಸುವಾಗ ಹಾಕಿಕೊಳ್ಳಲು.

ಎಲ್ಲಾ ಹಾಕಿ ರೆಡಿಯಾದ ಮೇಲೆ ಸ್ನೇಹಿತರೊಬ್ಬರನ್ನು ಕರೆಯಿರಿ. ನೀವು ದಿನಾ ಹೋಗುವ ರಸ್ತೆಯಲ್ಲೇ, ದಿನಾ ಹೋಗುವ ಹೊತ್ತಿಗೇ, ನೂರು ಹೆಜ್ಜೆ ಹಿಂದೆ ನಿಂತು ಫೋನಿನಲ್ಲಿ ಒಂದು ಫೋಟೊ ತೆಗೆಯಲಿ, ಝೂಮ್ ಮಾಡದೆ. ಕತ್ತಲಾದ ಮೇಲೆ ಕುದುರೆಯನ್ನು ರಸ್ತೆಯಲ್ಲಲ್ಲ, ಅಂಗಳದಲ್ಲಿ ನಿಲ್ಲಿಸಿ, ಹಿಂದೆ ನಿಂತು ಕಣ್ಣಿನ ಪಕ್ಕದಲ್ಲೇ ಟಾರ್ಚ್ ಹಿಡಿದು ನೋಡಲಿ. ಕುದುರೆ ಕಾಣಿಸ್ತಾ ಅಂತ ಕೇಳಬೇಡಿ, ಹೂಂ ಅಂದುಬಿಡುತ್ತಾರೆ. ಏನು ಕಾಣಿಸ್ತು ಅಂತ ಕೇಳಿ.