ರಟ್ಟು ಬಿಟ್ಟೆ, ಅಡ್ಡಗೆರೆ ಉಳಿಸಿಕೊಂಡೆ

ಮಂಡ್ಯದ ಬೆಲ್ಲದ ಮಂಡಿಯೊಂದಕ್ಕೆ ಲೆಕ್ಕದ ಆ್ಯಪ್ ವಿನ್ಯಾಸ ಮಾಡಲು ಕೂತಾಗ ಮಾಲೀಕರು ಕೇಳಿದ್ದು ಒಂದೇ: "ನಮ್ ಖಾತೆ ಪುಸ್ತಕ ಇದ್ದಂಗೇ ಇರ್ಬೇಕು ಕಣಪ್ಪ."

ಕೆಂಪು ರಟ್ಟು, ಹೊಲಿಗೆ, ಹಳದಿ ಹಾಳೆ ಬಿಡಿಸುವುದು ಕಷ್ಟವಲ್ಲ. 2013ರಲ್ಲಿ ಐಫೋನ್, ಐಪ್ಯಾಡ್ ನಡೆಸುವ ತಂತ್ರಾಂಶ ಐಒಎಸ್ 7 ಬರುವವರೆಗೆ ಆ್ಯಪಲ್ ಕಂಪನಿಯ ನೋಟ್ಸ್ ಆ್ಯಪ್ ಹಳದಿ ಗೆರೆಹಾಳೆಯಂತೆ ಇತ್ತು, ಐಪ್ಯಾಡಿನ ಕ್ಯಾಲೆಂಡರಿಗೆ ಹೊಲಿದ ಚರ್ಮದ ಅಂಚಿತ್ತು. ಆದರೆ ಅಂಗೈಯಗಲದ ಫೋನಿನಲ್ಲಿ ರಟ್ಟಿಗೆ ಕೊಟ್ಟ ಜಾಗ ಅಂಕಿಗಳಿಗೆ ಸಿಗುವುದಿಲ್ಲ. ಹಾಗಾಗಿ ಗುಮಾಸ್ತರ ಪಕ್ಕ ಕೂತು, ಅವರ ಕಣ್ಣು, ಕೈ ಎಲ್ಲೆಲ್ಲಿ ಓಡಾಡುತ್ತವೆ ಎಂದು ನೋಡಿದೆ.

ಆ ಪುಸ್ತಕದಲ್ಲಿ ಪ್ರತಿ ರೈತನಿಗೊಂದು ಪುಟ. ಬೆಲ್ಲ ಮಾರಿದ ಹಣ ಎಡಕ್ಕೆ ಜಮಾ, ಕೊಟ್ಟ ಮುಂಗಡ ಬಲಕ್ಕೆ ಖರ್ಚು. ಕಾಲೇಜಿನಲ್ಲಿ ಕಲಿಸುವ ಲೆಡ್ಜರಿನಲ್ಲಿ ಇದು ತಿರುಗುಮುರುಗು: ಡೆಬಿಟ್ (ಖರ್ಚು) ಎಡಕ್ಕೆ, ಕ್ರೆಡಿಟ್ (ಜಮಾ) ಬಲಕ್ಕೆ. ನಾನು ಗುಮಾಸ್ತರ ಕ್ರಮವನ್ನೇ ಹಿಡಿದೆ. 1,25,000 ಎಂದು ಲಕ್ಷದ ಲೆಕ್ಕದಲ್ಲೇ ಅಲ್ಪವಿರಾಮ ಹಾಕಿದೆ.

ನನ್ನನ್ನು ಬಹಳ ಹೊತ್ತು ಹಿಡಿದಿಟ್ಟದ್ದು ತಿದ್ದುವ ರೀತಿ. ಗುಮಾಸ್ತರು ಯಾವ ಅಂಕಿಯನ್ನೂ ಅಳಿಸುವುದಿಲ್ಲ. ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಣ್ಣ ಸಹಿ ಹಾಕುತ್ತಾರೆ. "ಅಳ್ಸಾಕ್ಬುಟ್ರೆ ರೈತ ಬಂದ್ ಕೇಳ್ದಾಗ ಏನ್ ತೋರ್ಸದು ಸಾರ್?" ಎಂದರು. ಕಾಗದದ ಮೇಲಿನ ನಂಬಿಕೆ ಇರುವುದೇ ಆ ಗೆರೆಯಲ್ಲಿ. ಡಿಲೀಟ್ ಬಟನ್ನನ್ನೇ ತೆಗೆದೆ. ಸಾಲಿನ ಮೇಲೆ ಬೆರಳೆಳೆದರೆ ಗೆರೆ ಬೀಳುತ್ತದೆ. ಹಳೆಯ ಅಂಕಿ ಮಸುಕಾಗಿ ಅಲ್ಲೇ ಉಳಿದು, ಯಾರು, ಯಾವಾಗ ತಿದ್ದಿದರು ಎಂಬುದು ಕೆಳಗೆ ಕಾಣುತ್ತದೆ. ಒಟ್ಟು ಮೊತ್ತಕ್ಕೆ ಮಾತ್ರ ಆ ಹಳೆಯ ಅಂಕಿ ಸೇರುವುದಿಲ್ಲ. ಗುಮಾಸ್ತರಿಗೆ ಇದನ್ನು ಹೇಳಿಕೊಡಬೇಕಾಗಲಿಲ್ಲ. 1981ರಲ್ಲಿ ಜೆರಾಕ್ಸ್ ಸ್ಟಾರ್ ಕಂಪ್ಯೂಟರ್ ಪರದೆಯನ್ನೇ ಕಚೇರಿಯ ಮೇಜಾಗಿಸಿ ಫೋಲ್ಡರು, ಕಾಗದ ಜೋಡಿಸಿಟ್ಟದ್ದರ ಹಿಂದೆಯೂ ಇದೇ ಲೆಕ್ಕಾಚಾರ ಇತ್ತು: ಕೈಗೆ ಗೊತ್ತಿರುವುದನ್ನು ಮತ್ತೆ ಕಲಿಸಬೇಕಿಲ್ಲ.

'ಮುಂದಿನ ಪುಟಕ್ಕೆ' ಎಂಬ ಮೊತ್ತ ಬಿಟ್ಟೆ, ಪರದೆಗೆ ಪುಟದ ಕೊನೆಯಿಲ್ಲ. ಆರಂಭ ಶಿಲ್ಕು, ಅಂದರೆ ಹಿಂದಿನ ದಿನದಿಂದ ಉಳಿದು ಬಂದ ಮೊತ್ತ, ಉಳಿಸಿದೆ, ದಿನಕ್ಕೆ ಕೊನೆಯಿದೆ. ಕೆಂಪು ಬಣ್ಣ ಪರದೆಯ ಮೇಲ್ತುದಿಯ ಪಟ್ಟಿಗಷ್ಟೇ.

ಮೊತ್ತದ ಮುಂದಿನ '/-' ಗುರುತಿನ ಬಗ್ಗೆ ಮಾತ್ರ ಮಾಲೀಕರ ಜೊತೆ ಚರ್ಚೆಯೇ ಆಯಿತು. ಮುಂದೆ ಯಾರೂ ಅಂಕಿ ಸೇರಿಸದಿರಲಿ ಎಂದು ಹಾಕುವ ಗುರುತು ಅದು. ಪರದೆಯ ಮೇಲೆ ಅದಕ್ಕೆ ಕೆಲಸವಿಲ್ಲ, ತೆಗೆದೆವು. ರೈತನ ಕೈಗೆ ಮುದ್ರಿಸಿ ಕೊಡುವ ಪಟ್ಟಿಯಲ್ಲಿ ಇಟ್ಟಿದ್ದೇವೆ. ಅದು ಈಗಲೂ ಕಾಗದ, ಪೆನ್ನಿದ್ದವರು ಒಂದು ಸೊನ್ನೆ ಸೇರಿಸಬಹುದು.