ಕರ್ನೆಲ್‌ಗೆ ಸಂದೇಶ ಸೌಲಭ್ಯ ಸೇರಿಸಹೊರಡುವ ಮುನ್ನ: ಕೆಡಿಬಸ್ ಚರ್ಚೆಯಿಂದ ಕಲಿಯಬೇಕಾದ ಸಿದ್ಧತೆ

ಪ್ರೋಗ್ರಾಮುಗಳು ಪರಸ್ಪರ ಸಂದೇಶ ಕಳುಹಿಸಿಕೊಳ್ಳುವ ಹೊಸ ವ್ಯವಸ್ಥೆಯೊಂದನ್ನು ಲಿನಕ್ಸ್ ಕರ್ನೆಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ, ಸೇರಿಸಬೇಕೆಂದು ಹೊರಡುವವರು ಕೋಡ್ ಬರೆಯಲು ಕೂರುವ ಮುಂಚೆ ಕೆಡಿಬಸ್ (ಇಂಥ ಸಂದೇಶ ಸಾಗಣೆಯನ್ನು ಕರ್ನೆಲ್‌ನೊಳಗೆ ತರಲು ಯತ್ನಿಸಿದ ಯೋಜನೆ) ಕುರಿತ ವಾದ-ವಿವಾದವನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ನುರಿತ ಡೆವಲಪರ್‌ಗಳು, ಕರ್ನೆಲ್‌ನ ಹಿರಿಯ ನಿರ್ವಾಹಕರಲ್ಲೊಬ್ಬರಾದ ಗ್ರೆಗ್ ಕ್ರೋ-ಹಾರ್ಟ್‌ಮನ್ ಅವರ ಬೆಂಬಲ, ಸಿದ್ಧವಾಗಿ ಕಾದಿದ್ದ ಬಳಕೆದಾರರು, ಎಲ್ಲವೂ ಇದ್ದ ಯೋಜನೆ ಅದು. ಆದರೂ 2015ರಲ್ಲಿ ಅದಕ್ಕೆ ಕರ್ನೆಲ್‌ನಲ್ಲಿ ಜಾಗ ಸಿಗಲಿಲ್ಲ. ಅದಕ್ಕೆ ಅಡ್ಡ ಬಂದ ಪ್ರಶ್ನೆಗಳೇ ನಿಮ್ಮ ಪ್ಯಾಚ್‌ಗೂ (ಸೇರಿಸಲು ಕಳುಹಿಸುವ ಕೋಡ್ ಬದಲಾವಣೆಗೂ) ಎದುರಾಗುತ್ತವೆ.

ಮೊದಲು, ಈಗಿರುವ ವ್ಯವಸ್ಥೆಯಲ್ಲಿ ಒಂದೇ ಒಂದು ಸಂದೇಶ ಸಾಗುವ ದಾರಿಯನ್ನು ಹಂತಹಂತವಾಗಿ ಬರೆದಿಡಿ. ಡೆಸ್ಕ್‌ಟಾಪ್‌ನಲ್ಲಿ ವೈಫೈ ಪಟ್ಟಿ ತೆರೆದಾಗ ಆ ಕೋರಿಕೆ, ಸಂಪರ್ಕಗಳನ್ನು ನಿಭಾಯಿಸುವ ನೆಟ್‌ವರ್ಕ್‌ಮ್ಯಾನೇಜರ್ ಎಂಬ ಪ್ರೋಗ್ರಾಮಿಗೆ ನೇರವಾಗಿ ಹೋಗುವುದಿಲ್ಲ. ಅದು ಯುನಿಕ್ಸ್ ಸಾಕೆಟ್ (ಒಂದೇ ಯಂತ್ರದ ಪ್ರೋಗ್ರಾಮುಗಳ ನಡುವಿನ ಸಂಪರ್ಕ ಕೊಂಡಿ) ಮೂಲಕ ಡಿ-ಬಸ್ ಡೀಮನ್‌ಗೆ, ಅಂದರೆ ಹಿನ್ನೆಲೆಯಲ್ಲಿ ಓಡುತ್ತಾ ಸಂದೇಶಗಳನ್ನು ತಲುಪಿಸುವ ಮಧ್ಯವರ್ತಿ ಪ್ರೋಗ್ರಾಮಿಗೆ, ತಲುಪುತ್ತದೆ. ಡೀಮನ್ ಅದನ್ನು ಓದಿ, ಅದರ ರಚನೆ ಸರಿಯಿದೆಯೇ ಎಂದು ಪರಿಶೀಲಿಸಿ, ಕಳುಹಿಸಿದವರಿಗೆ ಅನುಮತಿ ಇದೆಯೇ ಎಂದು ನೋಡಿ, ಇನ್ನೊಂದು ಸಾಕೆಟ್‌ಗೆ ಬರೆಯುತ್ತದೆ. ಉತ್ತರವೂ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಕೆಡಿಬಸ್ ಈ ಮಧ್ಯವರ್ತಿಯನ್ನು ತೆಗೆದುಹಾಕಿ, ಕಳುಹಿಸುವವರಿಂದ ಪಡೆಯುವವರ ಮೆಮೊರಿಗೆ ಕರ್ನೆಲ್ಲೇ ನೇರವಾಗಿ ನಕಲು ಮಾಡಿಕೊಡುವ ಯೋಜನೆಯಾಗಿತ್ತು. ಡೀಮನ್ ಶುರುವಾಗುವುದಕ್ಕೂ ಮುಂಚೆ, ಬೂಟ್‌ನ ಆರಂಭದಲ್ಲೇ ಬಸ್ (ಸಂದೇಶಗಳು ಸಾಗುವ ಈ ಸಾಮಾನ್ಯ ಮಾರ್ಗ) ಸಿಗುತ್ತದೆ ಎಂಬುದು ಇನ್ನೊಂದು ಅನುಕೂಲ. ಕಾಗದದ ಮೇಲೆ ಲಾಭ ಸ್ಪಷ್ಟವಾಗಿಯೇ ಇತ್ತು.

ಕಾಗದದ ಲಾಭವನ್ನು ನಂಬದೆ ಅಳೆಯುವುದು ಮುಂದಿನ ಕೆಲಸ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಪ್ರಸ್ತಾವನೆಯ ಜೀವಾಳವೇ ಅದು. ಪರ್ಫ್ ಉಪಕರಣದಿಂದ ಸಂದೇಶ ವಿನಿಮಯದ ಪರೀಕ್ಷೆಯೊಂದನ್ನು ನಡೆಸಿ, ಸಮಯ ಎಲ್ಲಿ ಕಳೆಯುತ್ತಿದೆ ಎಂಬುದನ್ನು ಬಿಡಿಸಿ ನೋಡಿ: ಪ್ರೋಗ್ರಾಮುಗಳ ನಡುವೆ ಸರದಿ ಬದಲಾಗುವುದರಲ್ಲೋ, ನಕಲು ಮಾಡುವುದರಲ್ಲೋ, ಅಥವಾ ಲೈಬ್ರರಿ ತನ್ನಷ್ಟಕ್ಕೆ ಮಾಡಿಕೊಳ್ಳುವ ಮೆಮೊರಿ ಹಂಚಿಕೆ ಮತ್ತು ತಪಾಸಣೆಗಳಲ್ಲೋ? ಕೆಡಿಬಸ್‌ನಿಂದ ವೇಗ ಹೆಚ್ಚುತ್ತದೆ ಎಂಬ ವಾದ ಬಂದಾಗ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ತಾವೇ ಇಂಥ ಅಳತೆ ಮಾಡಿ, ನಿಧಾನಕ್ಕೆ ಕಾರಣ ಮುಖ್ಯವಾಗಿ ಯೂಸರ್‌ಸ್ಪೇಸ್‌ನ (ಕರ್ನೆಲ್‌ನ ಹೊರಗೆ ಓಡುವ ಪ್ರೋಗ್ರಾಮುಗಳ) ಕೋಡೇ ಹೊರತು ಕರ್ನೆಲ್ ಅಲ್ಲ ಎಂದು ತೋರಿಸಿದರು. ಅಲ್ಲಿಂದ ಮುಂದೆ ವೇಗದ ವಾದಕ್ಕೆ ಬಲ ಉಳಿಯಲಿಲ್ಲ. ಆದ್ದರಿಂದ ನಿಮ್ಮ ಹೊಸ ಸೌಲಭ್ಯವನ್ನು ಈಗಿರುವ ನಿಧಾನದ ಕೋಡ್‌ನೊಂದಿಗೆ ಹೋಲಿಸಬೇಡಿ. ಕರ್ನೆಲ್ ಮುಟ್ಟದೆಯೇ ಬರೆಯಬಹುದಾದ ಅತ್ಯುತ್ತಮ ಕೋಡ್‌ನೊಂದಿಗೆ ಹೋಲಿಸಿ. ಅಂಥದ್ದು ಇಲ್ಲದಿದ್ದರೆ ಅದನ್ನು ನೀವೇ ಬರೆಯಿರಿ. ಇದು ಅನ್ಯಾಯದ ಬೇಡಿಕೆಯಂತೆ ಕಂಡರೂ ಫಲ ಕೊಡುವ ದಾರಿ ಇದೇ: ಕರ್ನೆಲ್‌ನಲ್ಲಿ ಬಸ್ ಕಟ್ಟಲು ಯತ್ನಿಸಿದವರೇ 2017ರಲ್ಲಿ ಡಿಬಸ್-ಬ್ರೋಕರ್ ಎಂಬ ಹೊಸ ಡೀಮನ್ ಹೊರತಂದರು, 2019ರ ಫೆಡೋರಾ 30ರಿಂದ ಆ ಲಿನಕ್ಸ್ ವಿತರಣೆಯಲ್ಲಿ ಹಳೆಯ ಡೀಮನ್‌ನ ಜಾಗದಲ್ಲಿ ಅದೇ ಇದೆ.

ಅಳತೆಯ ನಂತರವೂ ಕರ್ನೆಲ್ ಬದಲಾವಣೆ ಬೇಕೇಬೇಕು ಎನಿಸಿದರೆ, ಸೌಲಭ್ಯವನ್ನು ಬಿಡಿಭಾಗಗಳಾಗಿ ಒಡೆಯಿರಿ. ಯೂಸರ್‌ಸ್ಪೇಸ್ ಪ್ರೋಗ್ರಾಮುಗಳನ್ನು ಕೆಡಿಸಬಾರದು ಎಂಬುದು ಲಿನಕ್ಸ್‌ನ ಕಟ್ಟುನಿಟ್ಟಿನ ನಿಯಮ. ಒಮ್ಮೆ ಬಿಡುಗಡೆಯಾದ ಇಂಟರ್‌ಫೇಸನ್ನು ಯಾವುದಾದರೊಂದು ಪ್ರೋಗ್ರಾಮು ನೆಚ್ಚಿಕೊಂಡಿತೆಂದರೆ, ಅದರಲ್ಲಿ ಕೊರತೆ ಕಂಡರೂ ನಿರ್ವಾಹಕರು ವರ್ಷಾನುಗಟ್ಟಲೆ ಅದನ್ನು ಹೊತ್ತು ಸಾಗಬೇಕು. ಕೆಡಿಬಸ್‌ನಲ್ಲಿ ಸಂದೇಶ ಸಾಗಣೆಯ ಜೊತೆಗೆ ಹೆಸರುಗಳ ನೋಂದಣಿ, ಅನುಮತಿಯ ನಿಯಮಗಳು, ಎಲ್ಲರಿಗೂ ಹೋಗುವ ಸಂದೇಶಗಳನ್ನು ಸೋಸುವ ವ್ಯವಸ್ಥೆ, ಎಲ್ಲವೂ ಒಂದೇ ಕಟ್ಟಿನಲ್ಲಿ ಬಂದಿದ್ದವು. ಅದೇ ಕೆಲಸದ ಸಂದರ್ಭದಲ್ಲಿ ರೂಪುಗೊಂಡ ಮೆಮ್‌ಎಫ್‌ಡಿ ಮಾತ್ರ ಪ್ರತ್ಯೇಕವಾಗಿ ಬಂದು 2014ರಲ್ಲಿ ಕರ್ನೆಲ್‌ನ 3.17ನೇ ಆವೃತ್ತಿಯಲ್ಲಿ ಸೇರಿಕೊಂಡಿತು. ಮೆಮೊರಿಯ ತುಂಡೊಂದನ್ನು ಮೊಹರು ಮಾಡಿ ಇನ್ನೊಂದು ಪ್ರೋಗ್ರಾಮಿಗೆ ಕೊಡಲು ಅದು ಅವಕಾಶ ಕೊಡುತ್ತದೆ. ಓದುತ್ತಿರುವಾಗಲೇ ಕಳುಹಿಸಿದವರು ಅದನ್ನು ತಿದ್ದಿಬಿಟ್ಟಾರೆಂಬ ಭಯ ಪಡೆಯುವವರಿಗೆ ಇರುವುದಿಲ್ಲ. ಬಸ್ ಬೇಡದವರಿಗೂ ಅದು ಉಪಯುಕ್ತ. ನಿಮ್ಮ ಯೋಜನೆಯಲ್ಲಿ ಇಂಥ ತುಂಡು ಯಾವುದಿದೆಯೋ ಅದನ್ನು ಮೊದಲು ಕಳುಹಿಸಿ.

ಭದ್ರತೆಯ ಭಾಗವನ್ನು ಬೇರೆಯವರ ಕಣ್ಣಿನಿಂದ ಓದಿಸಿ. ಕೆಡಿಬಸ್ ಪ್ರತಿ ಸಂದೇಶದ ಜೊತೆ ಕಳುಹಿಸಿದವರ ಗುರುತಿನ ವಿವರಗಳನ್ನು, ಅವರಿಗಿರುವ ವಿಶೇಷಾಧಿಕಾರಗಳನ್ನೂ ಸೇರಿಸಿ, ಲಗತ್ತಿಸಬಲ್ಲದಾಗಿತ್ತು. ಕರ್ನೆಲ್ ಡೆವಲಪರ್ ಆಂಡಿ ಲುಟೊಮಿರ್ಸ್ಕಿ ಇದನ್ನು ಬಲವಾಗಿ ಆಕ್ಷೇಪಿಸಿದರು. ಅಧಿಕಾರವುಳ್ಳ ಪ್ರೋಗ್ರಾಮೊಂದು ಸಾಮಾನ್ಯ ಸಂದೇಶ ಕಳುಹಿಸಿದರೂ, ಅದು ಬಳಸಲು ಉದ್ದೇಶಿಸದ ಅಧಿಕಾರವನ್ನು ಪಡೆಯುವವರು ಗಣನೆಗೆ ತೆಗೆದುಕೊಂಡುಬಿಡುವ ಅಪಾಯ ಇಲ್ಲಿದೆ. ನಿಮ್ಮ ವಿನ್ಯಾಸದಲ್ಲಿ ಕರ್ನೆಲ್ ತಾನಾಗಿ ಏನನ್ನು ಲಗತ್ತಿಸುತ್ತದೆ, ಕಳುಹಿಸುವವರು ತಿಳಿದು ಏನನ್ನು ಕೊಡುತ್ತಾರೆ ಎಂಬುದನ್ನು ಬೇರೆ ಬೇರೆಯಾಗಿ ಬರೆದು ತೋರಿಸಿ.

ಹಿಂದಿನ ಯತ್ನಗಳನ್ನು ಹೆಸರಿಸಿ ಉತ್ತರ ಕೊಡುವುದನ್ನೂ ಮರೆಯಬೇಡಿ. 2012ರಲ್ಲಿ ಇಂಥದ್ದೇ ಉದ್ದೇಶದ ಎಎಫ್-ಬಸ್ ಎಂಬ ಯೋಜನೆಯನ್ನು ಕರ್ನೆಲ್‌ನ ನೆಟ್‌ವರ್ಕಿಂಗ್ ವಿಭಾಗದ ನಿರ್ವಾಹಕರು ಒಪ್ಪಿರಲಿಲ್ಲ. ಆಂಡ್ರಾಯ್ಡ್‌ನ ಸಂದೇಶ ವ್ಯವಸ್ಥೆಯಾದ ಬೈಂಡರ್ 3.19ನೇ ಆವೃತ್ತಿಯಲ್ಲಿ ಸ್ಟೇಜಿಂಗ್‌ನಿಂದ (ಇನ್ನೂ ಪಕ್ವವಾಗದ ಕೋಡ್ ಇಡುವ ವಿಭಾಗದಿಂದ) ಹೊರಬಂದು ಕರ್ನೆಲ್‌ನ ಮುಖ್ಯ ಭಾಗ ಸೇರಿದ್ದನ್ನು ಪೂರ್ವನಿದರ್ಶನವಾಗಿ ಮುಂದಿಡುವ ಆಸೆ ಹುಟ್ಟಬಹುದು. ಆದರೆ ಅಷ್ಟು ಹೊತ್ತಿಗೆ ಅದು ಕೋಟ್ಯಂತರ ಫೋನುಗಳಲ್ಲಿ ಓಡುತ್ತಿತ್ತು, ಹೊಸ ಪ್ರಸ್ತಾವನೆಗೆ ಆ ಆಸರೆ ಇರುವುದಿಲ್ಲ.

ವಿಲೀನದ ಕೋರಿಕೆ ಸಲ್ಲಿಸುವುದಕ್ಕೆ ಅವಸರಪಡಬೇಡಿ. 4.1ನೇ ಆವೃತ್ತಿಗಾಗಿ 2015ರ ಏಪ್ರಿಲ್‌ನಲ್ಲಿ ಕೆಡಿಬಸ್ ಕೋರಿಕೆ ಹೋದಾಗ ಗಂಭೀರ ಆಕ್ಷೇಪಗಳು ಇನ್ನೂ ಇತ್ಯರ್ಥವಾಗಿರಲಿಲ್ಲ. ಪ್ರತಿ ಆಕ್ಷೇಪವನ್ನೂ ಆಕ್ಷೇಪಿಸಿದವರು ಒಪ್ಪುವ ಮಾತುಗಳಲ್ಲಿ ಪ್ಯಾಚ್‌ನ ಮುನ್ನುಡಿಯಲ್ಲಿ ದಾಖಲಿಸಿ, ಅದರಿಂದ ಏನು ಬದಲಾಯಿತು ಎಂದು ಬರೆಯಿರಿ. ಬದಲಾಗದಿದ್ದರೆ ಕಾರಣ ಕೊಡಿ. ವಿನ್ಯಾಸವೇ ತಪ್ಪೆಂದು ಮನವರಿಕೆಯಾದರೆ ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯವೂ ಬೇಕು. ಕೆಡಿಬಸ್ ತಂಡ 2015ರ ಕೊನೆಗೆ ಹಾಗೆ ಮಾಡಿ, ಫೆಡೋರಾದ ಅಭಿವೃದ್ಧಿ ಆವೃತ್ತಿಯಿಂದಲೂ ಅದನ್ನು ತೆಗೆಸಿತು. ಮರುವರ್ಷ ಬಸ್1 ಎಂಬ ಬೇರೆಯೇ ವಿನ್ಯಾಸವನ್ನು, ಈ ಸಲ ಅಭಿಪ್ರಾಯ ಕೋರುವ ಕರಡಾಗಿ, ಮುಂದಿಟ್ಟಿತು.