ಹಳೇ ಶೈಲಿಯ ರೆಡ್ ವೈನ್ ತೆರೆಯಲು ಅವಸರ ಬೇಡ

ಬರೋಲೋ ತರಹದ ವೈನನ್ನು ಮೊದಲ ಸಲ ಕುಡಿದವರು "ಅಯ್ಯೋ, ಬರೀ ಒಗರು" ಅಂತ ಲೋಟ ಕೆಳಗಿಡುವುದನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಅದಕ್ಕೆ ಇನ್ನೂ ವಯಸ್ಸಾಗಿಲ್ಲ, ಅಷ್ಟೇ.

ಇಟಲಿಯ ಪಿಯೆಮಾಂಟೆಯಲ್ಲಿ ನೆಬ್ಬಿಯೋಲೋ ದ್ರಾಕ್ಷಿಯಿಂದ ಇದನ್ನು ಮಾಡುತ್ತಾರೆ. ಹಳೇ ಪದ್ಧತಿಯವರು ರಸವನ್ನು ವಾರಗಟ್ಟಲೆ ಸಿಪ್ಪೆಯ ಜೊತೆಗೇ ಬಿಡುತ್ತಾರೆ. ಆಮೇಲೆ ದೊಡ್ಡ ಓಕ್ ಪೀಪಾಯಿಗೆ ತುಂಬುತ್ತಾರೆ. ಪೀಪಾಯಿ ದೊಡ್ಡದು, ಹಳೆಯದು ಆದ್ದರಿಂದ ಮರದ ವಾಸನೆ ಜಾಸ್ತಿ ಹತ್ತುವುದಿಲ್ಲ. ಕನಿಷ್ಠ 38 ತಿಂಗಳು ಮಾಗಿಸಬೇಕು, ಅದರಲ್ಲಿ 18 ತಿಂಗಳು ಮರದಲ್ಲಿ ಅಂತ ನಿಯಮವೇ ಇದೆ. ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್ನೇ ಆ ಒಗರು. ಅದೂ ಹುಳಿಯೂ ಸೇರಿ ವೈನನ್ನು ದಶಕಗಳ ಕಾಲ ಕಾಯುತ್ತವೆ. ವರ್ಷ ಕಳೆದಂತೆ ಒಗರು ಮೆತ್ತಗಾಗಿ, ಒಣ ಗುಲಾಬಿ, ಚರ್ಮ, ಅಣಬೆಯ ಪರಿಮಳ ಏಳುತ್ತದೆ. ಎಳೆಯ ವೈನಿನಲ್ಲಿ ಇದು ಎಲ್ಲಿ ಸಿಗಬೇಕು?

ಬಾಟಲಿಯನ್ನು ಕತ್ತಲಲ್ಲಿ, ಅಡ್ಡ ಮಲಗಿಸಿ, ಸುಮಾರು 13 ಡಿಗ್ರಿಯಲ್ಲಿ ಇಡಿ. ತಾಪ ಪದೇ ಪದೇ ಏರಿಳಿಯಬಾರದು, ಅದೇ ಮುಖ್ಯ. ತೆರೆಯುವ ಹಿಂದಿನ ದಿನ ನೆಟ್ಟಗೆ ನಿಲ್ಲಿಸಿ, ಗಸಿ ತಳ ಸೇರುತ್ತದೆ. ನಿಧಾನವಾಗಿ ಬಗ್ಗಿಸಿ. ಎಳೆಯದಾದರೆ ಒಂದೆರಡು ಗಂಟೆ ಗಾಳಿಯಾಡಲಿ. ತುಂಬಾ ಹಳೆಯದನ್ನು ಹಾಗೆ ಬಿಡಬೇಡಿ, ಪರಿಮಳ ಬೇಗ ಹಾರಿಹೋಗುತ್ತದೆ.

ಕಾಯಲು ಆಗಲ್ವಾ? ಸ್ಪೇನಿನ ರಿಯೋಹಾ 'ಗ್ರಾನ್ ರೆಸೆರ್ವಾ' ಹುಡುಕಿ. ಅದನ್ನು ಮಾಡುವವರೇ ಐದು ವರ್ಷ ಮಾಗಿಸಿ ಕೊಡುತ್ತಾರೆ.